ಕಾಯಬೇಕಾದವನ ಮಾತು

ಯುದ್ಧವೆಂದರೆ ಕಾಮಕ್ರೋಧಗಳು ಕಟ್ಟು ಮೀರುವ ಕಾಲ. ಆಗ ಸ್ತ್ರೀಯರಿಗೆ ಒದಗುವ ಬಲಾತ್ಕಾರವನ್ನು ಯಾರಿಂದಲೂ ತಡೆಯಲಾಗದು ಎಂದು ತಿಳಿದವರೂ ಹೇಳುವುದುಂಟು. ಆಫ್ರಿಕದ ರುವಾಂಡಾ ದೇಶದ ತಾಬಾ ಸೀಮೆಯಲ್ಲಿ ನಡೆದುದನ್ನು ಸದ್ಭಕ್ತರು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಈ ಮಾತು ನಿಲ್ಲಲಾರದು.

ಆ ಸೀಮೆಯ ಅಧಿಕಾರಿ ಝಾನ್ ಪಾಲ್ ಅಕಾಯೆಸು. ಮೊದಲು ಶಾಲೆಯ ಉಪಾಧ್ಯಾಯನಾಗಿದ್ದವನು. ೧೯೯೪ರ ಏಪ್ರಿಲ್ ತಿಂಗಳಲ್ಲಿ ಟುಟ್ಸಿ ಜನರ ಸಂಹಾರವು ದೇಶದಲ್ಲಿ ಮೊದಲಾದಾಗ, ಕೆಲವು ದಿನ ಆತನು ತನ್ನ ಸೀಮೆಯಲ್ಲಿ ಹಿಂಸೆಗೆ ಅಡ್ಡ ನಿಂತನು. ಏಪ್ರಿಲ್ ೧೮ರಂದು ಸರಕಾರದ ಮುಖ್ಯಸ್ಥರು ಕರೆದ ಸಭೆಗೆ ಹೋಗಿಬಂದ ಮೇಲೆ ಆತನ ನುಡಿಯೂ ನಡೆಯೂ ತಿರುಗಿದವು. ಆಸರೆ ಬೇಡಿ ಕಚೇರಿಯ ಅಂಗಳ ಸೇರಿದ್ದ ಟುಟ್ಸಿ ಸ್ತ್ರೀಯರ ಮೇಲೆ ಆಯುಧಪಾಣಿಗಳು ಅಲ್ಲಿಯೇ ಅತ್ಯಾಚಾರವೆಸಗಿದರು. ಆತನು ಕಂಡನು, ತಡೆಯಲಿಲ್ಲ. ಹುರಿದುಂಬಿಸುವ ಮಾತನ್ನೂ ಆಡಿದನು. ನಿನ್ನೆ ಕಟ್ಟಿಹಾಕಿದ್ದ ಕೈಗಳನ್ನು ಇಂದು ಬಿಚ್ಚಿದ್ದು ಕಾಮವಲ್ಲ, ಅಧಿಕಾರದ ಅಪ್ಪಣೆ.

೧೯೯೭ರಲ್ಲಿ ಅರೂಷಾ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾದಾಗ ಆರೋಪಪತ್ರದಲ್ಲಿ ಅತ್ಯಾಚಾರದ ಹೆಸರೇ ಇರಲಿಲ್ಲ. ಸಾಕ್ಷಿ ನುಡಿಯಲು ಬಂದ ತಾಯಿಯೊಬ್ಬಳು ತನ್ನ ಆರು ವರುಷದ ಮಗಳಿಗೆ ಮೂವರಿಂದ ಆದುದನ್ನು ಹೇಳಿದಳು. ನ್ಯಾಯಪೀಠವು ಆ ಮಾತನ್ನು ಹಾಯಗೊಡಲಿಲ್ಲ, ಮುಂದಕ್ಕೆ ಕೇಳಿತು. ಪೀಠದಲ್ಲಿ ನವನೀತಂ ಪಿಳ್ಳೈ ಎಂಬ ಒಬ್ಬರೇ ಮಹಿಳೆ ಇದ್ದರು. ಬೇರೆ ಸ್ತ್ರೀಯರೂ ಬಾಯ್ದೆರೆದರು. ಅದೇ ಜೂನ್ ತಿಂಗಳಲ್ಲಿ ಆರೋಪಪತ್ರವನ್ನು ತಿದ್ದಿ ಬರೆಯಲಾಯಿತು. ೧೯೯೮ರ ಸೆಪ್ಟೆಂಬರ್ ೨ರ ತೀರ್ಪು, ಜನಾಂಗವನ್ನು ಅಳಿಸುವ ಉದ್ದೇಶದಿಂದ ಎಸಗಿದ ಅತ್ಯಾಚಾರವೂ ಜನಾಂಗಹತ್ಯೆಯೇ ಎಂದು ಮೊದಲ ಬಾರಿಗೆ ಸಾರಿತು. ಆಯುಧಗಳ ನಡುವೆ ಸಿಕ್ಕಿದವಳು ಪ್ರತಿಭಟಿಸಿದಳೆಂದು ರುಜುವಾತು ಮಾಡಬೇಕಿಲ್ಲ. ಆ ಸನ್ನಿವೇಶವೇ ಬಲಾತ್ಕಾರವೆಂದೂ ತಿಳಿಸಿತು. ಅಕಾಯೆಸುವಿಗೆ ಜೀವಾವಧಿ ಸೆರೆವಾಸವಾಯಿತು.

೧೯೪೯ರ ಜಿನೀವಾ ಒಪ್ಪಂದವೂ ಈ ಕೃತ್ಯವನ್ನು ನಿಷೇಧಿಸಿತ್ತು. ಆದರೆ ಸ್ತ್ರೀಯ ಮಾನಕ್ಕೆ ಬಂದ ಕುಂದೆಂಬ ಭಾವದಿಂದ. ಮಾನ ಹೋದುದು ಯಾರದು? ಒಳಗಿನ ಆತ್ಮವು ಹೆಣ್ಣೂ ಅಲ್ಲ ಗಂಡೂ ಅಲ್ಲವೆಂದು ಕಂಡ ಶರಣರ ಮಾರ್ಗದಲ್ಲಿ ನಡೆಯುವ ಗೃಹಸ್ಥನು, ನೊಂದು ಬಂದ ಮಗಳನ್ನು ಹೊಸಿಲಲ್ಲಿ ನಿಲ್ಲಿಸಿ 'ಯಾರಿಗೂ ಹೇಳಬೇಡ' ಎಂದರೆ, ಹಗೆಯು ಊರಾಚೆ ಆರಂಭಿಸಿದ ಕೆಲಸವನ್ನು ತಾನು ಮನೆಯೊಳಗೆ ಮುಗಿಸಿದಂತಾಗುವುದು. ಮನೆಮನೆಯೂ ಹೀಗೆ ಒಡೆಯಲೆಂದೇ ಈ ಆಯುಧವನ್ನು ಬೀಸುತ್ತಾರೆ.

ವಿಚಾರಣೆಯ ಕಾಲದಲ್ಲಿ ಆ ತಾಯಂದಿರ ಹೆಸರು ಜಗತ್ತಿಗೆ ತಿಳಿದಿರಲಿಲ್ಲ. ಅವರ ಪ್ರಾಣರಕ್ಷಣೆಗಾಗಿ ನ್ಯಾಯಾಲಯವು ಹೆಸರಿನ ಬದಲು ಅಕ್ಷರಗಳನ್ನಷ್ಟೇ ಬರೆದುಕೊಂಡಿತು. ತೀರ್ಪಿನ ತಲೆಯ ಮೇಲೆ ಅಚ್ಚಾಗಿರುವುದು ಅಕಾಯೆಸುವಿನ ಹೆಸರು.