ಅಜ್ಜಿಯ ಹೆಸರಿನ ಮುಂದೆ ಸೊನ್ನೆ

ಹೋದ ವರ್ಷ ಜೂನ್‌ನಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ಜನರೇಟರ್ ಪಕ್ಕ ಖಾಲಿ ಬಿದ್ದಿದ್ದ ಜಾಗದಲ್ಲಿ ತರಕಾರಿ ಬೆಳೆಯೋಣ ಅಂತ 12 ಮನೆಯವರು ಸೇರಿದೆವು. ಒಂದು ಸಣ್ಣ ಸೈಟಿನಷ್ಟು ಜಾಗ. ಕಲ್ಲು, ಸಿಮೆಂಟ್ ಚಕ್ಕೆ ಆರಿಸೋದಕ್ಕೇ ಎರಡು ಭಾನುವಾರ ಹಿಡಿಯಿತು. ಕೊಟ್ಟಿಗೆ ಗೊಬ್ಬರ ತರಿಸಿ ಬೆಂಡೆ, ಬದನೆ, ಮೂಲಂಗಿ, ದಂಟು ಹಾಕಿದೆವು. ಹಳ್ಳಿಯವನು ಅಂತ ಎಲ್ಲರೂ ನನ್ನನ್ನೇ ಮುಂದೆ ಬಿಟ್ಟರು.

ಮೂಲಂಗಿ 45 ದಿನಕ್ಕೆ ಕೈಗೆ ಬಂತು. ಜಗಳವೂ ಅವತ್ತೇ ಶುರುವಾಯ್ತು. ದಿನಾ ನೀರು ಹಾಕಿದವರು ಆಫೀಸಿಂದ ಬರೋಷ್ಟರಲ್ಲಿ, ಒಂದು ದಿನವೂ ಕೈ ಮಣ್ಣು ಮಾಡಿಕೊಳ್ಳದವರು ಕಿತ್ತುಕೊಂಡು ಹೋಗಿದ್ದರು. ನಾನು ಇಂಜಿನಿಯರ್ ಬುದ್ಧಿ ಓಡಿಸಿದೆ. ಒಂದು ಶೀಟ್ ಮಾಡಿದೆ. ಯಾರು ಎಷ್ಟು ಗಂಟೆ ದುಡಿದರೋ ತುಂಬಬೇಕು, ಭಾನುವಾರ ಅದೇ ಲೆಕ್ಕದಲ್ಲಿ ಪಾಲು. ಜಗಳ ನಿಂತಿತು. ನನಗೆ ಒಳಗೊಳಗೇ ಹೆಮ್ಮೆ.

ಎರಡೇ ವಾರಕ್ಕೆ ಇನ್ನೊಂದು ಶುರುವಾಯ್ತು. ನೀರು ಹಾಕೋದಕ್ಕೆ ಎಲ್ಲರೂ ತಯಾರು, ಯಾಕಂದ್ರೆ ಅದಕ್ಕೆ ಗಂಟೆ ಬೀಳುತ್ತೆ, ಫೋಟೋನೂ ಚೆನ್ನಾಗಿ ಬರುತ್ತೆ. ಬೆಂಡೆಕಾಯಿ ಮಾತ್ರ ಗಿಡದಲ್ಲೇ ಬಲಿಯುತ್ತಿತ್ತು. ಅದನ್ನ ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತೆ. ಆದರೆ ಕೊಯ್ಯೋದು ಹತ್ತು ನಿಮಿಷದ ಕೆಲಸ. ಹತ್ತು ನಿಮಿಷಕ್ಕೆ ಶೀಟ್ ತೆರೆಯೋರು ಯಾರು?

ಎರಡನೇ ಮಹಡಿಯ ಅಜ್ಜಿಗೆ ಮಂಡಿನೋವು, ಬಗ್ಗೋಕೆ ಆಗಲ್ಲ. ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ತೋಟದ ಪಕ್ಕ ಕೂರುತ್ತಿದ್ದರು. "ಆ ಬದನೆ ಕುಡಿ ಬಾಡಿದೆ ನೋಡು ಮಗ, ಒಳಗೆ ಹುಳ ಕೂತಿದೆ, ಚಿವುಟಿ ಆಚೆ ಎಸಿ" ಅನ್ನೋರು. ಚಿವುಟಿ ಸೀಳಿದರೆ ಹುಳ ಇರುತ್ತಿತ್ತು. ಜುಲೈನಲ್ಲಿ ಊರಿಂದ ತರಿಸಿದ ಒಂದು ಹಿಡಿ ನಾಟಿ ಅವರೆ ಬೀಜ ಕೊಟ್ಟು ಬೇಲಿ ಬದಿಗೆ ಹಾಕಿಸಿದ್ದರು.

ಆಗಸ್ಟಿನ ಒಂದು ಭಾನುವಾರ ಅವರು ಬಟ್ಟೆ ಚೀಲ ಹಿಡಿದು ಬಂದು ನಿಂತರು. ನಾನು ಫೋನ್ ನೋಡಿ ನಗುತ್ತಾ, "ಅಜ್ಜಿ, ಶೀಟಲ್ಲಿ ನಿಮ್ಮದು ಸೊನ್ನೆ ಇದೆಯಲ್ಲ" ಅಂದೆ. ತಮಾಷೆಗೆ ಅಂದಿದ್ದು. ಅವರು "ಹೌದಲ್ವಾ" ಅಂದವರೇ ಚೀಲ ಮಡಚಿಕೊಂಡು ಲಿಫ್ಟ್ ಕಡೆ ನಡೆದರು. ಹಿಂದೆ ಓಡಿ ಒಂದಷ್ಟು ಬೆಂಡೆಕಾಯಿ ಕೊಡೋಕೆ ಹೋದೆ. "ಬೇಡ ಕಣಪ್ಪ, ದುಡಿದೋರು ತಿನ್ನಲಿ."

ಮೊದಲು ಲೆಕ್ಕ ಹಾಕಿ ಅವಮಾನ ಮಾಡಿದೆ, ಆಮೇಲೆ ದಾನ ಕೊಡೋಕೆ ಹೋಗಿ ಇನ್ನೊಂದು ಸಲ.

'ನಮ್ಮ ಹಳ್ಳಿಗಳಲ್ಲಿ ಇಂಥ ಲೆಕ್ಕ ಇರಲಿಲ್ಲ, ಎಲ್ಲರೂ ಹಂಚಿಕೊಂಡು ತಿಂತಿದ್ವಿ' ಅಂತ ಬರೆದು ಮುಗಿಸಬಹುದಿತ್ತು. ಆದರೆ ಅದು ಸುಳ್ಳು. ಮುಯ್ಯಾಳಿನಲ್ಲಿ ಅಪ್ಪ ಒಬ್ಬರ ಗದ್ದೆಗೆ ಎರಡು ದಿನ ನಾಟಿಗೆ ಹೋದರೆ, ಅವರು ನಮ್ಮ ಗದ್ದೆಗೆ ಎರಡು ದಿನ ಬರಲೇಬೇಕಿತ್ತು. ಬರೆದಿಡುತ್ತಿರಲಿಲ್ಲ ಅಷ್ಟೇ, ಮರೆಯುತ್ತಲೂ ಇರಲಿಲ್ಲ. ಕೆರೆ ತೂಬು ಕಾಯೋಕೆ ನೀರುಗಂಟಿ ಇರುತ್ತಿದ್ದ, ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯ ಹೋಗುತ್ತಿತ್ತು. ಅದೇ ಕಣದ ಅಂಚಿನಲ್ಲಿ ದೂರ ನಿಂತು ಕೈಯೊಡ್ಡಬೇಕಾದವರೂ ಇದ್ದರು. ವರ್ಷವಿಡೀ ದುಡಿದದ್ದಕ್ಕೆ ಸಿಕ್ಕಿದ್ದು 'ಧರ್ಮಕ್ಕೆ ಕೊಟ್ಟಿದ್ದು' ಅನ್ನಿಸಿಕೊಳ್ಳುತ್ತಿತ್ತು. ಅವರ ಮಕ್ಕಳಿಗೆ ದಿನಕ್ಕಿಷ್ಟು ರೂಪಾಯಿ ಅಂತ ಕೂಲಿ ಸಿಕ್ಕಾಗ ಲೆಕ್ಕವೇ ಬಿಡುಗಡೆಯಾಗಿತ್ತು. ಹಾಗಾಗಿ ಲೆಕ್ಕವನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ, ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾ ಹೋಗಿ ಅದು ಹಾಳಾಗುತ್ತದೆ ಅಂತ ಬರೆದ. ನಮ್ಮ ಮೂಲಂಗಿ ಕಥೆ. ಹಾಗೇ ಆಗಬೇಕೆಂದಿಲ್ಲ ಅಂತ ತೋರಿಸಿದವರು ಎಲಿನಾರ್ ಆಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಸ್ಪೇನಿನ ಕಾಲುವೆ, ಸ್ವಿಟ್ಜರ್‌ಲೆಂಡಿನ ಹುಲ್ಲುಗಾವಲು ಹೀಗೆ ಜನರೇ ನೂರಾರು ವರ್ಷ ನಡೆಸಿಕೊಂಡು ಬಂದದ್ದನ್ನು ನೋಡಿ ಅವರು ಹೇಳಿದ್ದರಲ್ಲಿ ಎರಡು ಮಾತು ನನಗೆ ನಾಟಿತು. ಕಾವಲಿರಬೇಕು. ಮತ್ತೆ, ನಿಯಮಕ್ಕೆ ಒಳಪಡುವವರಿಗೆ ನಿಯಮ ಬದಲಿಸೋದರಲ್ಲೂ ಮಾತಿರಬೇಕು.

ನಮ್ಮ ಶೀಟಲ್ಲಿ ಎರಡನೆಯದಿರಲಿಲ್ಲ. 'ಕೆಲಸ' ಅಂದರೇನು ಅಂತ ನಿರ್ಧರಿಸಿದವನು ನಾನೊಬ್ಬನೇ. ಬೆನ್ನು ಬಗ್ಗಿಸಿದರೆ ಕೆಲಸ, ಕಣ್ಣಿಟ್ಟು ನೋಡಿದರೆ ಅಲ್ಲ. ತಮಾಷೆ ಗೊತ್ತಾ? ಆಫೀಸಿನಲ್ಲಿ ನಾನು ಕುರ್ಚಿ ಮೇಲೆ ಕೂತು ಬೇರೆಯವರ ಕೋಡಲ್ಲಿ ಹುಳ ಹುಡುಕಿ ಸಂಬಳ ತಗೋತೀನಿ.

ಸೆಪ್ಟೆಂಬರಿನಲ್ಲಿ ಎಲ್ಲರೂ ಕೂತು ಮಾತಾಡಿದೆವು. ಅಜ್ಜಿಯನ್ನೂ ಕರೆದೆ, ಕ್ಷಮೆ ಕೇಳಿದೆ. ಇಡೀ ಸಭೆಯಲ್ಲಿ ಅವರು ಒಂದೇ ಮಾತಾಡಿದರು. "ರಾತ್ರಿ ಹೊತ್ತು ಪೈಪ್ ಎಳೆದು ನೀರು ಬಿಡ್ತಾನಲ್ಲ ಸೆಕ್ಯುರಿಟಿ ಹುಡುಗ, ಅವನ ಹೆಸರು ಎಲ್ಲಿ ಬರೆದಿದ್ದೀರ?" ಯಾರೂ ಮಾತಾಡಲಿಲ್ಲ. ಮಳೆ ಇಲ್ಲದ ವಾರಗಳಲ್ಲೂ ಮಣ್ಣು ಬೆಳಿಗ್ಗೆ ಒದ್ದೆ ಇರುತ್ತಿತ್ತು. ಹೇಗೆ ಅಂತ ನಾವು ಯೋಚಿಸಿಯೇ ಇರಲಿಲ್ಲ.

ಶೀಟ್ ಈಗಲೂ ಇದೆ, ಸರದಿ ನೋಡೋಕೆ ಮಾತ್ರ. ಪಾಲು ಎಲ್ಲರಿಗೂ ಸಮ, ಆ ಹುಡುಗನಿಗೂ ಒಂದು. ಇದು ಅನ್ಯಾಯ ಅಂತ ಎರಡು ಮನೆಯವರು ಬಿಟ್ಟುಹೋದರು. ಅವರಲ್ಲೊಬ್ಬರು ನಮ್ಮೆಲ್ಲರಿಗಿಂತ ಹೆಚ್ಚು ದುಡಿದವರು. ಅವರ ಸಿಟ್ಟು ತಪ್ಪು ಅಂತ ಹೇಳೋಕೆ ನನಗೆ ಇವತ್ತಿಗೂ ಆಗಿಲ್ಲ.

ನಾಟಿ ಅವರೆ ಹಗಲು ಕಿರಿದಾಗೋ ತನಕ ಹೂ ಬಿಡಲ್ಲ. ಬರೀ ಬಳ್ಳಿ, ಕಿತ್ತುಹಾಕಿ ಅಂದವರಿದ್ದರು. ಡಿಸೆಂಬರಿನಲ್ಲಿ ಬೇಲಿ ತುಂಬ ಕಾಯಿ. ಮೊದಲ ಕೊಯ್ಲಿನ ದಿನ ಅಜ್ಜಿ ಕೆಳಗೆ ಬಂದರು. ಚೀಲ ತಂದಿರಲಿಲ್ಲ. ಅವತ್ತಿನಿಂದ ತಂದೇ ಇಲ್ಲ, ಅವರ ಪಾಲು ಮಗಳು ಬಂದು ತಗೊಂಡು ಹೋಗ್ತಾರೆ.

ಕುರ್ಚಿಯಲ್ಲಿ ಕೂತು ಬಳ್ಳಿ ತೋರಿಸಿ ಅಂದರು, "ಆ ತುದೀಲಿರೋವನ್ನ ಮುಟ್ಟಬೇಡ ಮಗ, ಒಣಗಲಿ. ಮುಂದಿನ ವರ್ಷಕ್ಕೆ ಬೀಜ ಬೇಕಲ್ಲ."