ಪರ್ವದ ಅಡುಗೆಯೂ ಅನರ್ಥದಂಡವಿರತಿಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವು ನಡೆಯುವಾಗ ಶ್ರಾವಕರ ಗಮನವೆಲ್ಲ ಉಪವಾಸದ ಮೇಲಿರುತ್ತದೆ. ಯಾರು ಏಕಭುಕ್ತ ಮಾಡಿದರು, ಯಾರು ಎಷ್ಟು ಉಪವಾಸಗಳನ್ನು ಪೂರೈಸಿದರು ಎಂದು ಬಸದಿಯ ಅಂಗಳದಲ್ಲಿ ಎಣಿಸುವವರೂ ಉಂಟು. ಉಣ್ಣದ ದಿನಗಳಿಗೆ ಹೀಗೆ ಲೆಕ್ಕ ದೊರೆಯುತ್ತದೆ. ಉಂಡ ದಿನದ ಲೆಕ್ಕವನ್ನು ಕೇಳುವವರು ಕಡಮೆ. ಪಾರಣೆಯ ದಿನ ಒಲೆಯ ಮೇಲೆ ಎಷ್ಟು ಬೆಂದಿತು, ಎಷ್ಟು ನೀರು ಹರಿದುಹೋಯಿತು, ಎಷ್ಟು ಅನ್ನ ಎಲೆಯಲ್ಲಿ ಉಳಿಯಿತು, ಊಟವಾದ ಮೇಲೆ ಹಿತ್ತಿಲಿಗೆ ಬಿದ್ದುದೇನು? ಇವನ್ನು ವಿಚಾರಿಸುವ ವ್ರತವು ಶ್ರಾವಕನ ಹನ್ನೆರಡು ವ್ರತಗಳಲ್ಲಿಯೇ ಇದೆ. ಅದು ಅನರ್ಥದಂಡವಿರತಿ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಒಂದಾದ ಪ್ರಮಾದಚರ್ಯೆಯಲ್ಲಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆಣಕುವುದೂ ಗಿಡಮರಗಳನ್ನು ವ್ಯರ್ಥವಾಗಿ ಕತ್ತರಿಸುವುದೂ ಸೇರುತ್ತವೆ. ಗೃಹಸ್ಥನು ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ತಿಯಾಗಿ ಬಿಡಲಾರನು. ಒಲೆ ಹೊತ್ತಿಸದೆ ಸಂಸಾರ ನಡೆಯದು. ಆದುದರಿಂದಲೇ ಆಚಾರ್ಯರು 'ಅನರ್ಥ' ಎಂಬ ಗೆರೆಯನ್ನು ಎಳೆದರು. ಇಂದಿನವರು ಪರಿಸರ ಸಂರಕ್ಷಣೆಯೆಂದು ಕರೆಯುವುದು ಈ ಗೆರೆಯ ಒಳಗಿನ ಮಾತೇ ಹೊರತು ಹೊಸ ಧರ್ಮವಲ್ಲ. ಅದೇ ಗ್ರಂಥದಲ್ಲಿ ಹಸಿ ಶುಂಠಿ, ಮೂಲಂಗಿ ಮೊದಲಾದವನ್ನು ಬಿಡಲು ಹೇಳುವಾಗ ಕೊಟ್ಟ ಕಾರಣವೂ ಗಮನಾರ್ಹವಾಗಿದೆ: ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ. ಈ ತಕ್ಕಡಿಯಲ್ಲಿ ಗಡ್ಡೆಗೆಣಸುಗಳನ್ನಷ್ಟೇ ತೂಗಿ, ಅಡುಗೆಮನೆಯ ಉಳಿದ ವಸ್ತುಗಳನ್ನು ತೂಗದೆ ಬಿಡುವುದು ಸರಿಯಲ್ಲ.

ಕರಾವಳಿಯ ಒಂದು ಊರನ್ನು ಮುಂದಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಬೈಂದೂರು ತಾಲೂಕಿನ ಕಿರಿಮಂಜೇಶ್ವರವು ಕಡಲಿನ ಪಕ್ಕದ ಊರು. ಅದರ ಉತ್ತರಕ್ಕೆ ಭಟ್ಕಳದಲ್ಲಿ ಚಂದ್ರನಾಥ ಬಸದಿ, ದಕ್ಷಿಣಕ್ಕೆ ಹಟ್ಟಿಯಂಗಡಿಯ ಬಸದಿ. ಈ ತೀರಕ್ಕೆ ಜಿನಧರ್ಮವು ಅಪರಿಚಿತವಲ್ಲ. ಇಂತಹ ಊರಿನಲ್ಲಿ ಮಳೆಗಾಲದ ಒಂದು ಸಾಮೂಹಿಕ ಪಾರಣೆಯನ್ನು ಊಹಿಸಬೇಕು. ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆ, ಲೋಟ, ಮೇಜಿಗೆ ಹಾಸಿದ ತೆಳು ಹಾಳೆ, ಬಾಟಲಿಯ ನೀರು. ಉಂಡವರು ಕೈತೊಳೆದು ಹೋದ ಮೇಲೆ ಅವೆಲ್ಲ ತೋಡಿಗೆ ಬೀಳುತ್ತವೆ. ಒಂದು ಜೋರುಮಳೆ ಬಂದರೆ ತೋಡು ಕಡಲನ್ನು ಸೇರುತ್ತದೆ. ಕುಂದಾಪುರದ ಕೋಡಿ ತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ತೇಲುವ ಪ್ಲಾಸ್ಟಿಕ್ ಹಾಳೆಯನ್ನು ಕಡಲಾಮೆಯು ಜೆಲ್ಲಿ ಮೀನೆಂದು ಬಗೆದು ನುಂಗುತ್ತದೆ, ಕರುಳು ಕಟ್ಟಿ ಸಾಯುತ್ತದೆ. ಏಕೇಂದ್ರಿಯ ಜೀವದ ಮೇಲಣ ದಯೆಯಿಂದ ಆಲೂಗಡ್ಡೆಯನ್ನು ಬಿಟ್ಟವನ ಪಾರಣೆಯಿಂದ ಪಂಚೇಂದ್ರಿಯ ಪ್ರಾಣಿಯೊಂದು ಸಾಯುವುದಾದರೆ ಆ ಉಪವಾಸದ ನಿರ್ಜರೆಯ ಗತಿಯೇನು?

"ಕೊಲ್ಲಬೇಕೆಂಬ ಸಂಕಲ್ಪ ಅವನಲ್ಲಿರಲಿಲ್ಲ" ಎನ್ನಬಹುದು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಇಟ್ಟಿದ್ದಾರೆ. ತಿಳಿಯದೆ ಎಸೆದ ಕಾಲವೊಂದಿತ್ತು. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅಂತಹ ನಿಷೇಧ ಬಂತು. ತಿಳಿದ ಮೇಲೂ ಎಸೆಯುವುದು ಪ್ರಮಾದವಲ್ಲದೆ ಮತ್ತೇನು?

ಹಾಗಾದರೆ ಬಾಳೆ ಎಲೆಯೇ? ಇಲ್ಲಿ ಸೂಕ್ಷ್ಮವೊಂದಿದೆ. ಎಲೆಯನ್ನು ಕೊಯ್ಯುವುದೂ ವನಸ್ಪತಿಕಾಯದ ಛೇದನವೇ. ಅಷ್ಟಮಿ ಚತುರ್ದಶಿಗಳಲ್ಲಿ ಹಸಿರನ್ನು ಬಿಡುವ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ತೊಳೆದಿಟ್ಟ ಲೋಹದ ಬಟ್ಟಲು ನೂರು ಪರ್ವಗಳಿಗೆ ಬರುತ್ತದೆ. ಮನೆಯ ಊಟಕ್ಕೆ ಅದೇ ಉತ್ತಮ. ನೂರಾರು ಜನ ಸೇರುವಲ್ಲಿ ಅಡಿಕೆ ಹಾಳೆಯ ತಟ್ಟೆ ಇದೆ. ಹಾಳೆಯನ್ನು ಮರದಿಂದ ಯಾರೂ ಕಡಿಯಬೇಕಾಗಿಲ್ಲ, ಒಣಗಿ ತಾನಾಗಿ ಕಳಚಿ ಬೀಳುತ್ತದೆ. ತಾನಾಗಿ ಬಿದ್ದುದನ್ನು ಆಯ್ದುಕೊಳ್ಳುವುದಕ್ಕಿಂತ ಶ್ರಾವಕನಿಗೆ ಒಪ್ಪುವ ಸಂಗ್ರಹ ಯಾವುದು? ಮಳೆಗಾಲದಲ್ಲಿ ಬೂಸು ಹಿಡಿದ ಹಾಳೆಯನ್ನು ಮಾತ್ರ ಬಳಸಬಾರದು.

ತಟ್ಟೆಗಿಂತಲೂ ದೊಡ್ಡದು ಅದರಲ್ಲಿ ಉಳಿಯುವ ಅನ್ನ. ಎಂಜಲಿನಲ್ಲಿ ಅಲ್ಪಕಾಲದಲ್ಲಿಯೇ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ. ಆದ್ದರಿಂದ ಬಿಟ್ಟ ಅನ್ನವೆಂದರೆ ಬರಿಯ ನಷ್ಟವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳಲ್ಲಿಯೇ. ಕೊಳೆಯುವ ಆಹಾರದಿಂದ ಏಳುವ ಅನಿಲವು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ.

ಹಿರಿಯರ ಮರ್ಯಾದೆಗಳು ಇದನ್ನು ಮೊದಲೇ ತಡೆದಿದ್ದವು. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಅವಧಿಯನ್ನು ಇಟ್ಟ ಮನೆಯಲ್ಲಿ ಬೇಕಾದಷ್ಟೇ ಬೀಸುತ್ತಾರೆ. ಫ್ರಿಜ್ಜಿನಲ್ಲಿಟ್ಟರೆ ಆ ಅವಧಿ ಬೆಳೆಯುವುದಿಲ್ಲ. ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಬಿಡುತ್ತಾರೆ. ಸೋಸಿದ ನೀರಿಗೂ 48 ನಿಮಿಷಗಳ ಮಿತಿ ಇರುವುದರಿಂದ ಕೊಡಗಟ್ಟಲೆ ತುಂಬಿಟ್ಟು ಚೆಲ್ಲುವ ಮಾತೇ ಬರುವುದಿಲ್ಲ. ಸೌದೆಯನ್ನು ಕೊಡವಿ, ಹುಳುವಿಲ್ಲವೆಂದು ನೋಡಿ ಒಲೆಗಿಡುತ್ತಾರೆ. ಕುಚ್ಚಲಕ್ಕಿಯನ್ನು ಕುದಿ ಬಂದ ಮೇಲೆ ಮುಚ್ಚಿ ಕೆಂಡದ ಬಿಸಿಯಲ್ಲಿ ಬೇಯಲು ಬಿಟ್ಟರೆ ಅಗ್ನಿಕಾಯದ ಆರಂಭವೂ ತಗ್ಗುತ್ತದೆ.

ಪದಾರ್ಥಗಳಿಗೂ ದೂರ ಹೋಗಬೇಕಾಗಿಲ್ಲ. ಬೇಸಗೆಯಲ್ಲಿ ಬೆಳೆದು ಮಾಡಿಗೆ ತೂಗಹಾಕಿದ ಸೌತೆಕಾಯಿ ಮಳೆಗಾಲದಲ್ಲಿಯೂ ಕೆಡದೆ ಇರುತ್ತದೆ. ಅದರ ಹುಳಿ, ಬಾಳೆಕಾಯಿಯ ಪಲ್ಯ, ಹೆಸರುಬೇಳೆಯ ಪಾಯಸ, ಮನೆಯ ತೆಂಗಿನಕಾಯಿ: ಪಾರಣೆಗೆ ಇಷ್ಟು ಸಾಲದೆಂದು ಹೇಳುವುದು ನಾಲಗೆಯೇ ಹೊರತು ಹೊಟ್ಟೆಯಲ್ಲ. ಹದಿನೈದು ಬಗೆಯನ್ನು ಬೇಯಿಸಲು ಹೊರಟರೆ ಹೊತ್ತು ಮೀರುತ್ತದೆ. ಆ ದಿನಗಳಲ್ಲಿ ಈ ತೀರದಲ್ಲಿ ಸುಮಾರು 6.30ಕ್ಕೆ ಸೂರ್ಯಾಸ್ತ, ಎರಡು ಘಳಿಗೆ ಮೊದಲೇ, ಎಂದರೆ 5.45ರ ಹೊತ್ತಿಗೆ, ಊಟ ಮುಗಿಯಬೇಕು. ಮೋಡ ಕವಿದ ದಿನ ಇನ್ನೂ ಮುಂಚಿತವಾಗಿ ಮುಗಿಸುವುದು ಲೇಸು.

ಈ ಭಾರವನ್ನೆಲ್ಲ ಗೃಹಿಣಿಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಸಾಮಾನಿನ ಪಟ್ಟಿ ಬರೆಯುವವನು, ತಟ್ಟೆ ತರಿಸುವವನು, ಬಡಿಸುವಾಗ ಒತ್ತಾಯ ಮಾಡುವವನು ಹೆಚ್ಚಾಗಿ ಪುರುಷನೇ. ಅನಂತ ಚತುರ್ದಶಿಯ ಮಧ್ಯಾಹ್ನವೇ ಮರುದಿನ ಉಣ್ಣುವವರ ಹೆಸರುಗಳನ್ನು ಬಸದಿಯಲ್ಲಿ ಬರೆದುಕೊಂಡು ಅಕ್ಕಿ ಅಳೆದರೆ ಸಾಕು, ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.