ಸ್ವಂತ ವ್ಯವಹಾರಸ್ಥರೂ ಕಾಲನಿಯಮವೂ



ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ನೌಕರಿಯನ್ನು ಆಶ್ರಯಿಸಿದವರಂತೆಯೇ ಸ್ವಂತ ವ್ಯವಹಾರವನ್ನು ಹಿಡಿದವರೂ ಅನೇಕರಿದ್ದಾರೆ. ಹೋಟೆಲು, ಕ್ಯಾಂಟೀನು, ಅಡುಗೆಯ ಗುತ್ತಿಗೆ, ಮುದ್ರಣಾಲಯ, ಲೆಕ್ಕಪತ್ರ, ಕಂಪ್ಯೂಟರಿನ ಕೆಲಸ, ಹೀಗೆ ಕಸುಬು ಯಾವುದೇ ಆಗಿರಲಿ, ಇವರೆಲ್ಲರ ಬಾಯಿಂದ ಬರುವ ಮಾತು ಒಂದೇ: “ಸಮಯವೇ ಸಿಗುವುದಿಲ್ಲ.” ನೌಕರಿಯವನಿಗೆ ಸಂಜೆಗಾದರೂ ಬಿಡುಗಡೆಯುಂಟು. ಮೇಲಧಿಕಾರಿಯೇ ಇಲ್ಲದವನಿಗೆ ಮನೆಗೆ ಹೋಗೆಂದು ಹೇಳುವವರು ಯಾರು?

ನಾವೂ ಮುಂಬಯಿಯ ಉಪನಗರವೊಂದರಲ್ಲಿ ಬಹುಕಾಲ ಅಡುಗೆಯ ಗುತ್ತಿಗೆಯನ್ನು ನಡೆಸಿದವರೇ ಆದುದರಿಂದ, ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನೇ ಮುಂದಿಡುವುದು ಲೇಸು. ಒಂದು ವರ್ಷ ತೀರ್ಥರೂಪರ ಶ್ರಾದ್ಧವು ಮಠದಲ್ಲಿ ಏರ್ಪಾಡಾಗಿತ್ತು. ಅದೇ ದಿನ ಒಂದು ಮದುವೆಯ ಊಟದ ಆರ್ಡರನ್ನೂ ಒಪ್ಪಿಕೊಂಡಿದ್ದೆವು. ಬೆಳಗಿನ ಜಾವ ಒಲೆ ಹಚ್ಚಿಸಿ ಹತ್ತು ಗಂಟೆಗೆ ಹೊರಟುಬಿಡುವುದೆಂದು ನಮ್ಮ ಎಣಿಕೆ. ಬಡಿಸುವವರಲ್ಲಿ ಇಬ್ಬರು ಬರಲಿಲ್ಲ. ಹುಳಿಯ ಹದ ನೋಡಲು ನಾವೇ ಇರಬೇಕೆಂದು ನಿಂತೆವು, ಎಲೆ ಹಾಕಿಸಿದೆವು, ಮೊದಲ ಪಂಕ್ತಿ ಏಳುವವರೆಗೂ ಕಾಲು ಕೀಳಲಿಲ್ಲ. ಮಠವನ್ನು ಸೇರಿ, ಸ್ನಾನ ಮಾಡಿ, ಮಡಿಯುಟ್ಟು ಬರುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಹಗಲನ್ನು ಐದು ಭಾಗ ಮಾಡಿದರೆ ನಾಲ್ಕನೆಯ ಭಾಗವೇ ಶ್ರಾದ್ಧಕ್ಕೆ ವಿಹಿತವಾದ ಅಪರಾಹ್ನ. ಆರಕ್ಕೆ ಉದಯ, ಆರಕ್ಕೆ ಅಸ್ತವೆಂದು ಹಿಡಿದರೆ ಅದು 3 ಗಂಟೆ 36 ನಿಮಿಷಕ್ಕೆ ಮುಗಿಯುತ್ತದೆ. ಕರ್ಮವೇನೋ ನಡೆಯಿತು, ಆದರೆ ನಮ್ಮ ದೃಷ್ಟಿಯೆಲ್ಲ ಗೋಡೆಯ ಗಡಿಯಾರದ ಮೇಲೆಯೇ ಇತ್ತು.

ನಿಮಂತ್ರಿತರಾದ ಬ್ರಾಹ್ಮಣರು ಹಸಿದು ಕಾದಿದ್ದರು. ನಮ್ಮ ತಾಯಿಯವರು ಬೆಳಗಿನಿಂದ ಹನಿ ನೀರು ಕುಡಿಯದೆ ಕಂಬಕ್ಕೆ ಒರಗಿ ಕುಳಿತಿದ್ದರು; ಒಂದು ಮಾತನ್ನೂ ಆಡಲಿಲ್ಲ. ವೃದ್ಧರಾದ ಪುರೋಹಿತರು ಮಾತ್ರ ಎಲ್ಲ ಮುಗಿದ ಮೇಲೆ ಮೆಲ್ಲನೆ, “ರಾಯರೇ, ಆರ್ಡರು ಬರೆದುಕೊಳ್ಳುವಾಗ ಪಂಚಾಂಗ ಮನೆಯಲ್ಲೇ ಇತ್ತಲ್ಲವೇ?” ಎಂದು ಕೇಳಿದರು.

ಆ ಪ್ರಶ್ನೆಗೆ ಇಂದಿಗೂ ನಮ್ಮಲ್ಲಿ ಉತ್ತರವಿಲ್ಲ. ಆರ್ಡರು ಬಂದದ್ದು ಎರಡು ತಿಂಗಳ ಹಿಂದೆ. ತಿಥಿಯಾದರೋ ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದಂದೇ ಗೊತ್ತಿತ್ತು. ಸಮಯವಿರಲಿಲ್ಲವೆಂದು ಹೇಳುವಂತಿರಲಿಲ್ಲ. ಇದ್ದ ಸಮಯವನ್ನು ನಾವೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ದೆವು.

ಈ ಪ್ರಮಾದದ ಮೂಲವೆಲ್ಲಿ ಎಂದು ವಿಚಾರಿಸೋಣ. ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ತತ್ತ್ವಗಳ ಎಣಿಕೆಯನ್ನು ಸ್ವತಂತ್ರ, ಅಸ್ವತಂತ್ರ ಎಂಬ ವಿಭಾಗದಿಂದಲೇ ಆರಂಭಿಸಿದ್ದಾರೆ. ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವರೂ ಜಡವೂ ಕಾಲವೂ ಅವನ ಅಧೀನ. ನಾವು ನಿತ್ಯವೂ ಕೇಳುವ ಸಿದ್ಧಾಂತವಿದು. ಆದರೆ ಅಂಗಡಿಯ ಬಾಗಿಲನ್ನು ತೆರೆಯುವಾಗ ‘ಸ್ವಂತ ವ್ಯವಹಾರ’ವೆಂಬ ಮಾತಿನೊಡನೆ ‘ನಾನು ಸ್ವತಂತ್ರ’ನೆಂಬ ಭಾವನೆಯೂ ನುಸುಳಿಬಿಡುತ್ತದೆ. ನಾನಿಲ್ಲದಿದ್ದರೆ ಹುಳಿಯ ಹದ ಕೆಡುತ್ತದೆ, ನಾನು ಫೋನೆತ್ತದಿದ್ದರೆ ಗಿರಾಕಿ ಹೋಗುತ್ತಾನೆ ಎಂಬ ಈ ಕರ್ತೃತ್ವಾಭಿಮಾನವೇ ನಮ್ಮ ದಿನದ ಬಹುಭಾಗವನ್ನು ನುಂಗುತ್ತದೆ.

ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಂಗಡಿಸುವುದು ಶಾಸ್ತ್ರದ ಕ್ರಮ. ಇದೇ ಕ್ರಮವನ್ನು ವ್ಯವಹಾರಕ್ಕೂ ಅನ್ವಯಿಸಿಕೊಳ್ಳಬಹುದು. ಸಂಧ್ಯಾವಂದನೆ, ದೇವರ ಪೂಜೆ, ಮನೆಮಂದಿಯೊಡನೆ ಒಂದು ಹೊತ್ತಿನ ಊಟ, ವ್ಯಾಪಾರದಲ್ಲಿ ಅಂದಿನ ಜಮಾಖರ್ಚನ್ನು ಅಂದೇ ಬರೆಯುವುದು, ಇವು ನಿತ್ಯ. ಶ್ರಾದ್ಧ, ವ್ರತ, ಮಕ್ಕಳ ಪರೀಕ್ಷೆ ಇವು ನೈಮಿತ್ತಿಕ. ಮಾಸಿಕವಾಗಿ ಜಿ.ಎಸ್.ಟಿ. ವಿವರ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖುಗಳು, ಮುಂಗಡ ಆದಾಯ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೆಯ ತಾರೀಖು, ಇವೂ ನೈಮಿತ್ತಿಕಗಳೇ. ಇವಕ್ಕೆಲ್ಲ ಕಾಲವು ಮೊದಲೇ ನಿಶ್ಚಿತ. ಹೊಸ ಆರ್ಡರು, ಎರಡನೆಯ ಶಾಖೆ, ದೊಡ್ಡ ಗಿರಾಕಿಯ ಭೇಟಿ ಇವು ಕಾಮ್ಯ. ಕಾಮ್ಯವು ದೋಷವೆಂದು ನಾವು ಹೇಳುವುದಿಲ್ಲ. ಗೃಹಸ್ಥನಿಗೆ ಅರ್ಥಸಂಪಾದನೆ ಬೇಕೇ ಬೇಕು. ಆದರೆ ನಿತ್ಯನೈಮಿತ್ತಿಕಗಳನ್ನು ಮೊದಲು ಗುರುತುಹಾಕಿ, ಉಳಿದ ಸ್ಥಳದಲ್ಲಿ ಕಾಮ್ಯವನ್ನು ಬರೆಯಬೇಕು. ನಾವಾದರೋ ಕಾಮ್ಯವನ್ನು ಮೊದಲು ಬರೆದು, ಉಳಿದರೆ ನಿತ್ಯವೆನ್ನುತ್ತೇವೆ. ಅದು ಎಂದೂ ಉಳಿಯುವುದಿಲ್ಲ.

ಶ್ರೀಪುರಂದರದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸ ನಾಯಕರೆಂಬ ಸಿರಿವಂತ ವರ್ತಕರಾಗಿದ್ದ ಕಥೆಯನ್ನು ಎಲ್ಲರೂ ಬಲ್ಲರು. ಮಗನ ಉಪನಯನಕ್ಕೆಂದು ಯಾಚಿಸಿ ಬಂದ ವೃದ್ಧ ಬ್ರಾಹ್ಮಣನಿಗೆ ಅವರು ದಿನವೂ ನಾಳೆ ಬಾ ಎಂದು ಹೇಳುತ್ತಿದ್ದರೆಂದು ಸಂಪ್ರದಾಯ. ಹಾಗೆ ಬಂದು ಹಿಂದಿರುಗುತ್ತಿದ್ದವನು ಸಾಕ್ಷಾತ್ ಭಗವಂತನೆಂಬುದು ಅವರಿಗೆ ತಿಳಿದುದು ಆಮೇಲೆ. ನಾವೂ ಮಕ್ಕಳಿಗೆ, ಮಡದಿಗೆ, ವೃದ್ಧ ತಾಯಿತಂದೆಗಳಿಗೆ, ದೇವರಿಗೆ ಅದೇ ‘ನಾಳೆ’ಯನ್ನು ಹೇಳುತ್ತಿದ್ದೇವೆ.

ಇನ್ನು ಕೆಲಸವನ್ನು ಒಪ್ಪಿಸುವ ವಿಚಾರ. ಉಡುಪಿಯ ಪರ್ಯಾಯಕ್ಕಿಂತ ಉತ್ತಮವಾದ ನಿದರ್ಶನ ಬೇರೆ ಬೇಕೆ? ಶ್ರೀಮದಾಚಾರ್ಯರು ಅಷ್ಟಮಠಗಳ ಯತಿಗಳಿಗೆ ಎರಡೆರಡು ತಿಂಗಳು ಶ್ರೀಕೃಷ್ಣಪೂಜೆಯ ಸರದಿಯನ್ನು ಏರ್ಪಡಿಸಿದರು. ಶ್ರೀವಾದಿರಾಜಗುರುಸಾರ್ವಭೌಮರು ಅದನ್ನು ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. ಇದರಿಂದ 16 ವರ್ಷಗಳ ಚಕ್ರದಲ್ಲಿ 14 ವರ್ಷಗಳು ಪಾಠ, ಪ್ರವಚನ, ಸಂಚಾರಗಳಿಗೆ ಒದಗಿದವು. ಪರ್ಯಾಯಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ನಡೆಯುತ್ತವೆ. ಸಾವಿರಾರು ಜನರ ಅನ್ನದಾನಕ್ಕೆ ಎಲೆಯೂ ಸೌದೆಯೂ ಹಿಂದಿನ ದಿನದ ಓಡಾಟದಿಂದ ಕೂಡಿಬರುವುದಿಲ್ಲ. ನಿಶ್ಚಿತವಾದ ದಿನದಂದು ಅಕ್ಷಯಪಾತ್ರೆಯೂ ಸಟ್ಟುಗವೂ ಇನ್ನೊಬ್ಬ ಯತಿಗಳ ಹಸ್ತಕ್ಕೆ ಸೇರುತ್ತವೆ. ಜಗದ್ಗುರುಗಳೇ ಸಟ್ಟುಗವನ್ನು ಬಿಟ್ಟುಕೊಡುವಾಗ ನಾವು ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚದಿರುವುದು ಸರಿಯೇ?

ಆ ಶ್ರಾದ್ಧದ ಮರುದಿನವೇ ನಾವು ಪಂಚಾಂಗವನ್ನೂ ಆರ್ಡರಿನ ಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಇಟ್ಟೆವು. ತಿಥಿಗಳಿಗೂ ಏಕಾದಶಿ, ದ್ವಾದಶಿಗಳಿಗೂ ಕೆಂಪು ಗುರುತು ಹಾಕಿದೆವು. ಹಿರಿಯ ಅಡುಗೆಯವರಿಗೆ ವಾರದಲ್ಲಿ ಎರಡು ದಿನ ಪೂರ್ಣ ಜವಾಬ್ದಾರಿಯನ್ನು ಒಪ್ಪಿಸಿದೆವು. ಮೊದಲ ತಿಂಗಳಲ್ಲೇ ಎರಡು ಬಾರಿ ಹುಳಿಗೆ ಉಪ್ಪು ಹೆಚ್ಚಾಯಿತು. ಹಳೆಯ ಗಿರಾಕಿಯೊಬ್ಬರು ಕೈಬಿಟ್ಟರು. ನಷ್ಟವಾದುದು ನಿಜ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಆ ಅಡುಗೆಯವರು ನಮ್ಮನ್ನು ಕೇಳದೆಯೇ ಐನೂರು ಎಲೆಯ ಊಟವನ್ನು ನಿಭಾಯಿಸುವಂತಾದರು. ತಾಯಿಯವರು ಇದ್ದಾಗಲೇ ಇನ್ನು ನಾಲ್ಕು ಶ್ರಾದ್ಧಗಳನ್ನು ಕಾಲಕ್ಕೆ ಸರಿಯಾಗಿ ನಡೆಸುವ ಭಾಗ್ಯ ನಮಗೆ ದೊರೆಯಿತು.

ಏಕಾದಶಿಯಂದು ಅಂಗಡಿ ಮುಚ್ಚಿರೆಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ಬಾಡಿಗೆ, ಸಂಬಳ, ಸಾಲದ ಕಂತು ಇವುಗಳ ಭಾರವನ್ನು ನಾವೂ ಬಲ್ಲೆವು. ಇಬ್ಬರೇ ಕೆಲಸಗಾರರಿರುವ ಅಂಗಡಿಯಲ್ಲಿ ಯಜಮಾನನು ಏಳುವಂತಿಲ್ಲವೆಂಬುದೂ ಗೊತ್ತು. ಅಂಥವರೂ ಒಂದನ್ನು ಮಾಡಬಹುದು. ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಎಂದರೆ 96 ನಿಮಿಷ ಮೊದಲು ಅರುಣೋದಯಕಾಲ. ಆಗ ಸಾಮಾನು ಸರಬರಾಜಿನವರ ಫೋನೂ ಇಲ್ಲ, ಗಿರಾಕಿಯೂ ಇಲ್ಲ. ಅದರಲ್ಲಿ ಎರಡು ಗಳಿಗೆಯನ್ನು ಆಹ್ನಿಕಕ್ಕೂ, ಒಂದು ಗಳಿಗೆಯನ್ನು ಅಂದಿನ ಕೆಲಸಗಳ ಪಟ್ಟಿಗೂ ಮೀಸಲಿಡಲಿ. ಹಾಲು, ಹಿಟ್ಟು, ಒಲೆಗಳ ಕೆಲಸ ಆ ಹೊತ್ತಿಗೇ ಇರುವ ಹೋಟೆಲಿನವರು ಅದಕ್ಕೂ ಮೊದಲು ಎದ್ದು ಎರಡು ಗಳಿಗೆ ತಮ್ಮದಾಗಿಸಿಕೊಳ್ಳಲಿ. ರಾತ್ರಿ ಮೊಬೈಲನ್ನು ಬೇಗ ಕೆಳಗಿಟ್ಟರೆ ಇದು ಅಸಾಧ್ಯವಲ್ಲ.

ಮುಖ್ಯಪ್ರಾಣದೇವರು ಪ್ರತಿಯೊಬ್ಬ ಜೀವನಲ್ಲಿದ್ದು ದಿನವೊಂದಕ್ಕೆ 21,600 ಶ್ವಾಸಗಳಿಂದ ಹಂಸಮಂತ್ರವನ್ನು ಜಪಿಸುತ್ತಾರೆಂದು ನಮ್ಮ ಹಿರಿಯರು ಹೇಳುತ್ತಾರೆ. ಗಳಿಗೆಗೆ 360, ನಿಮಿಷಕ್ಕೆ 15. ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗಲೂ, ನಿದ್ರಿಸುವಾಗಲೂ ಆ ಸೇವೆ ನಿಲ್ಲುವುದಿಲ್ಲ. ನಮ್ಮ ಕಾಲವೆಂದು ನಾವು ಕರೆಯುವುದು ಅವರು ಒದಗಿಸಿದ ಉಸಿರುಗಳನ್ನೇ. ಈ ಅನುಸಂಧಾನವಿದ್ದವನು ವ್ಯಾಪಾರವನ್ನೂ ಶ್ರೀಹರಿಯ ಸೇವೆಯೆಂದೇ ನಡೆಸುತ್ತಾನೆ. ಅಂಥವನು ಗಿರಾಕಿಗೂ ಹೇಳಿದ ಹೊತ್ತಿಗೆ ಸರಿಯಾಗಿ ಒದಗುತ್ತಾನೆ.

ಆದುದರಿಂದ ಬಂಧುಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಈ ತಿಂಗಳಲ್ಲಿ ಒಂದು ಸಂಜೆ ದೀಪ ಹಚ್ಚಿದ ಬಳಿಕ, ಮನೆಯವರೊಡನೆ ಪಂಚಾಂಗವನ್ನೂ ಆರ್ಡರಿನ ಪುಸ್ತಕವನ್ನೂ ತೆರೆದು ಕುಳಿತುಕೊಳ್ಳಿರಿ. ಮನೆಯ ಹಿರಿಯರ ತಿಥಿಯನ್ನು ಮೊದಲು ಬರೆಯಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥